ಒಂದೇ ರಿಂಗಿಗೆ

ಜೂನ್ 12, ಗುರುವಾರ

ಬೆಳಿಗ್ಗೆ ಇವರು ನನ್ನ ಮೊಬೈಲನ್ನು ಸ್ವಿಚ್ ಆಫ್ ಮಾಡಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟು ಬೀಗ ಹಾಕಿದರು. ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದಾಗ ಒಂದು ಬಟನ್ ಫೋನು, ಹೊಸ ಸಿಮ್ಮು ತಂದುಕೊಟ್ಟರು.

"ಹಂಸಾ, ಈ ನಂಬರ್ ನಾಲ್ಕೇ ಜನಕ್ಕೆ ಇರ್ಲಿ. ನಾನು, ಅಮ್ಮ, ನಿಮ್ಮಣ್ಣ ಮುನಿರಾಜು, ಬೇಕಾದ್ರೆ ನಿನ್ನ ಕಮರುನ್ನೀಸಾ ಆಪಾ. ಇನ್ಯಾರಿಗೂ ಬೇಡ."

ನಿನ್ನೆ ಒಂದೇ ದಿನ ಹಳೇ ನಂಬರಿಗೆ ನೂರಕ್ಕೂ ಮೇಲೆ ಕಾಲ್ ಬಂದಿತ್ತು. ಒಬ್ಬರೂ ಗೊತ್ತಿರುವವರಲ್ಲ. ಒಬ್ಬ ಹುಡುಗಿ, ದನಿ ಕೇಳಿದರೆ ಕಾಲೇಜಿಗೆ ಹೋಗುವವಳ ಹಾಗಿದ್ದಳು, ನನ್ನನ್ನು ಏನೆಂದು ಕರೆದಳೋ ಅದನ್ನು ಇಲ್ಲಿ ಬರೆಯಲಾರೆ.

ಮೂವತ್ತೆಂಟು ಸೆಕೆಂಡಿನ ವಿಡಿಯೋ. ಕುಕ್ ಟೌನಿನ ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿ ಹದಿನಾಲ್ಕು ವರ್ಷ ಕೂತಿದ್ದೀನಿ. ಆ ಹದಿನಾಲ್ಕು ವರ್ಷ ಯಾರೂ ತೆಗೆಯಲಿಲ್ಲ, ಇಷ್ಟನ್ನು ತೆಗೆದರು. ವಿಡಿಯೋದಲ್ಲಿ ಒಬ್ಬ ಕೂಲಿ ಹೆಂಗಸು ಟೈಲ್ಸ್ ಮೇಲೆ ಕೂತಿದ್ದಾಳೆ. ನಾನು "ಇದೇನು ನಿಮ್ಮೂರ ಬಸ್ ಸ್ಟ್ಯಾಂಡಾ? ಎದ್ದು ಆಚೆ ಹೋಗು, ವಾಸನೆ ಹೊಡೀತಿದೀಯ" ಅಂತೀನಿ. ನನ್ನ ಕಾಲು ಅವಳ ಚೀಲಕ್ಕೆ ತಾಗುತ್ತೆ. ಡಬ್ಬಿ ಉರುಳಿ ರೊಟ್ಟಿ ಆಚೆ ಬೀಳುತ್ತೆ. ಅಷ್ಟೇ. ಅದಕ್ಕೆ ಮುಂಚೆ ಮೂರು ಸಲ ಮರ್ಯಾದೆಯಾಗಿ ಹೇಳಿದ್ದು ಯಾರ ವಿಡಿಯೋದಲ್ಲೂ ಇಲ್ಲ. ಐದು ಗಂಟೆಗೆ ವಿಸಿಟರ್ಸ್ ಟೈಮ್ ಮುಗಿಯುತ್ತೆ ಅನ್ನೋ ಬೋರ್ಡೂ ಅದರಲ್ಲಿಲ್ಲ.

ಅವಳ ಗಂಡ ಅವತ್ತೇ ಸಂಜೆ ಮೇಲಿನ ವಾರ್ಡಿನಲ್ಲಿ ತೀರಿಕೊಂಡ. ಅದು ಗೊತ್ತಾದ ಮೇಲೆ ಜನ ಇನ್ನೂ ಉರಿದುಬಿದ್ದರು. ಕಟ್ಟಡದ ಮೂರನೇ ಅಂತಸ್ತಿನಿಂದ ಬಿದ್ದವನು, ಹೊಟ್ಟೆಯೊಳಗೆಲ್ಲಾ ರಕ್ತ. ಡಾಕ್ಟರು ಬೆಳಿಗ್ಗೆಯೇ ಕೈಚೆಲ್ಲಿದ್ದರು. ನಾನು ಬೈದಿದ್ದಕ್ಕೂ ಅದಕ್ಕೂ ಏನು ಸಂಬಂಧ?

"ಸದ್ಯಕ್ಕೆ ಬರಬೇಡಿ" ಅಂತ ಡಾಕ್ಟರು ಹೇಳಿ ಇವತ್ತಿಗೆ ಒಂದು ವಾರ.

ಈ ಡೈರಿ ಯಾವುದೋ ಔಷಧಿ ಕಂಪನಿಯವರು ಜನವರಿಯಲ್ಲಿ ಕೊಟ್ಟಿದ್ದು. ಐದು ತಿಂಗಳ ಹಾಳೆ ಖಾಲಿ. ಕೈಗೆ ಕೆಲಸ ಬೇಕು ಅಂತ ಬರೀತಿದ್ದೀನಿ, ಇನ್ನೇನಕ್ಕೂ ಅಲ್ಲ.

ಜೂನ್ 13, ಶುಕ್ರವಾರ

ಹೆಬ್ಬೆರಳು ಬಟನ್ ಫೋನಿನ ಗಾಜನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತೆ. ಏನೂ ಸರಿಯುವುದಿಲ್ಲ. ಬೆಳಿಗ್ಗೆಯಿಂದ ಇಪ್ಪತ್ತು ಸಲವಾದರೂ ಆಗಿರಬೇಕು.

ಜೂನ್ 16, ಸೋಮವಾರ

ಮುನಿರಾಜಣ್ಣ ಕನ್ನಡದಲ್ಲಿ ಏನೋ ಮೆಸೇಜ್ ಹಾಕಿದ್ದ. ಈ ಫೋನಿನಲ್ಲಿ ಬರೀ ಚೌಕ ಚೌಕ ಕಾಣಿಸಿತು. ಧೈರ್ಯ ಹೇಳಿದ್ದನೋ, ಬೈದಿದ್ದನೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ನಮ್ಮತ್ತೆ ಪಟಾಲಮ್ಮನಿಗೆ ಮಾತ್ರ ಖುಷಿ. ಒಂಬತ್ತು ವರ್ಷದಿಂದ ಅವರ ಸೊಂಟದಲ್ಲಿ ಇಂಥದ್ದೇ ಫೋನಿದೆ. ನಾನು ನಂಬರ್ ಸೇವ್ ಮಾಡೋಕೆ ಒದ್ದಾಡುತ್ತಿರುವುದನ್ನು ನೋಡಿ ಪಕ್ಕದಲ್ಲಿ ಬಂದು ಕೂತರು.

"ನೋಡಮ್ಮಿ, ಹಸ್ರುದು ಎತ್ತಕ್ಕೆ, ಕೆಂಪುದು ಮಡಗಕ್ಕೆ. ಇನ್ನೇನೈತೆ ಇದ್ರಾಗೆ?"

"ಹಾಡು, ಸಿನಿಮಾ ಏನೂ ಬರಲ್ವಲ್ಲ ಅತ್ತೆ."

"ರೇಡಿಯಾ ಐತೆ. ಟಾರ್ಚೈತೆ. ಕರೆಂಟೋದ್ರೆ ನಿಮ್ಮ ದೊಡ್ಡ ಫೋನು ಸಾಯ್ತದೆ, ನನ್ನದು ನಾಕು ದಿನ ಬತ್ತದೆ."

ಸಂಜೆ ತರಕಾರಿಗೆ ಅಂತ ಕಮ್ಮನಹಳ್ಳಿ ಮೇನ್ ರೋಡಿಗೆ ಹೋದೆ. ಅತ್ತೆ ಮದುವೆಯಾಗಿ ಬಂದಾಗ ಅಲ್ಲೆಲ್ಲಾ ನಮ್ಮ ರಾಗಿ ಹೊಲವಂತೆ, ಈಗ ಅಲ್ಲಿ ಮೊಮೊ ಮಾರ್ತಾರೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದೆ. ಸೊಪ್ಪಿನವಳು ಸ್ಕ್ಯಾನ್ ಮಾಡೋ ಬೋರ್ಡು ಮುಂದಿಟ್ಟಳು. ನೋಟು ಕೊಟ್ಟೆ. ಚಿಲ್ಲರೆ ಇಲ್ಲ ಅಂತ ಅವಳು ನನ್ನ ಮುಖವನ್ನೇ ನೋಡಿದಳು. ಗುರುತು ಹಿಡಿದಳು ಅನಿಸಿತು. ಸೊಪ್ಪೂ ಬಿಟ್ಟು, ನೋಟೂ ಬಿಟ್ಟು ಬಂದುಬಿಟ್ಟೆ. ಬೀದಿ ತುಂಬಾ ಜನ ತಲೆ ತಗ್ಗಿಸಿ ಮೊಬೈಲ್ ನೋಡುತ್ತಾ ಹೋಗುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ನಾನೇ ಇದ್ದೀನಿ ಅನಿಸುತ್ತಿತ್ತು.

ಆ ಹೆಂಗಸು ಕಾಲು ಚಾಚಿಕೊಂಡು ದಾರಿಗೆ ಅಡ್ಡವಾಗಿ ಕೂತಿದ್ದಳು. ಸ್ಟ್ರೆಚರ್ ಬಂದರೆ ಏನು ಮಾಡಬೇಕಿತ್ತು? ಚೀಲವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಕೈಯಲ್ಲಿ ಫೈಲಿತ್ತು, ಕಾಲಲ್ಲಿ ಸರಿಸಿದೆ.

ಜೂನ್ 21, ಶನಿವಾರ

ಡ್ಯೂಟಿ ಮುಗಿಸಿ ಕಮರುನ್ನೀಸಾ ಆಪಾ ಬಂದಿದ್ದರು. ಮೇಲಿನ ವಾರ್ಡಿನ ಆಯಾ ಅವರು. ನಾನು ಸೇರಿದಾಗಿನಿಂದ ಮಧ್ಯಾಹ್ನದ ಊಟ ಅವರ ಜೊತೆಗೇ. ಶಿವಾಜಿನಗರದಿಂದ ನನಗಿಷ್ಟ ಅಂತ ಖಾರಿ ಬಿಸ್ಕತ್ತು ತಂದಿದ್ದರು. ಕೆಲಸ ಹೋದ ಮೇಲೆ ನಮ್ಮ ಮನೆಗೆ ಬಂದ ಮೊದಲನೇ ಮನುಷ್ಯರು.

ಅದೂ ಇದೂ ಮಾತಾಡಿದರು. ರಿಸೆಪ್ಷನ್ನಿಗೆ ಹೊಸ ಹುಡುಗಿ ಬಂದಿದ್ದಾಳಂತೆ, ಕಂಪ್ಯೂಟರ್ ಬರಲ್ಲವಂತೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು.

"ಆ ಬಿಲ್ಡಿಂಗಿಂದ ಬಿದ್ದವನು, ಭಗವಂತರಾಯ, ಕೊನೇಲಿ ಹೆಂಡ್ತೀನೇ ಕೇಳ್ತಾ ಇದ್ದ ಹಂಸಾ. ನಾನು ಕೆಳಗೆ ನಿನಗೆ ಇಂಟರ್‌ಕಾಮ್ ಮಾಡ್ದೆ, ಕಳಿಸು ಅಂತ ಹೇಳೋಕೆ. ಮೂರು ಸಲ ಮಾಡ್ದೆ. ಬೇಚಾರಾ, ಬಾಗಿಲ ಕಡೇನೇ ನೋಡ್ತಾ ಹೋಗ್ಬಿಟ್ಟ. ಬಿಟ್ಟು ಇಳಿಯೋಕೆ ನನಗೂ ಆಗ್ಲಿಲ್ಲ, ಅವನ ಕೈ ಹಿಡ್ಕೊಂಡಿದ್ದೆ. ನೀನು ಸೀಟಲ್ಲಿ ಇರ್ಲಿಲ್ವಾ?"

ಬಾತ್‌ರೂಮಿಗೆ ಹೋಗಿದ್ದೆ ಅಂದೆ.

"ಅದೇ ಅಂದ್ಕೊಂಡೆ. ಒಬ್ಬಳನ್ನೇ ಕೂರಿಸಿದ್ರೆ ಇನ್ನೇನಾಗುತ್ತೆ" ಅಂತ ನನ್ನ ಬೆನ್ನು ಸವರಿ ಹೋದರು.

ಜೂನ್ 22, ಭಾನುವಾರ

ಬಿಸ್ಕತ್ತು ಹಾಗೇ ಇದೆ. ತಿನ್ನಲಾಗುತ್ತಿಲ್ಲ.

ಜೂನ್ 27, ಶುಕ್ರವಾರ

ನಾಲ್ಕು ದಿನ ಬರೆಯಲಿಲ್ಲ. ಮನೆಯ ಅಟ್ಟದ ಸಾಮಾನನ್ನೆಲ್ಲಾ ಇಳಿಸಿ ತೊಳೆದೆ. ಬೇಡದ ಪಾತ್ರೆಗಳನ್ನೂ ತಿಕ್ಕಿದೆ.

ಮಧ್ಯಾಹ್ನ ಒಂದು ಕಾಲ್ ಬಂತು. ಹೊಸ ನಂಬರು ಯಾರಿಗೂ ಗೊತ್ತಿಲ್ಲ, ಆದರೂ ಬಂತು. ಸ್ನಾನದಲ್ಲಿದ್ದೆ. ಒದ್ದೆ ಮೈಗೆ ಟವೆಲ್ ಸುತ್ತಿಕೊಂಡು ಓಡಿಬಂದು ಎತ್ತಿದೆ. ಯಾವುದೋ ವೈಟ್‌ಫೀಲ್ಡ್ ಸೈಟ್ ಮಾರುವ ಹುಡುಗ. ಬೇಡ ಅಂತ ಇಡಬಹುದಿತ್ತು. ಅವನು ಹೇಳುವುದನ್ನೆಲ್ಲಾ ಪೂರ್ತಿ ಕೇಳಿದೆ. ಚರಂಡಿ, ರೋಡು, ಕ್ಲಬ್ ಹೌಸು. ಕೊನೆಗೆ ಅವನೇ "ಮೇಡಂ, ಲೈನಲ್ಲಿ ಇದೀರಾ?" ಅಂದ.

"ಇದೀನಪ್ಪಾ, ಹೇಳು" ಅಂದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನಮ್ಮಿ, ನೀರು ಸೋರ್ತಾ ಬಂದಿದ್ದೀಯ? ಈಗೀಗ ಒಂದೇ ರಿಂಗಿಗೆ ಎತ್ತುತೀಯಪ್ಪ. ಮೊದ್ಲು ನಾನು ಹಾಲ್ನಾಗಿಂದ ಹತ್ತು ಸಲ ಕೂಗಿದ್ರೂ ಕೇಳ್ತಿರ್ಲಿಲ್ಲ."

ಅವರು ಸುಮ್ಮನೆ ಹೇಳಿದ್ದು. ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಜುಲೈ 3, ಗುರುವಾರ

ಇವರು ಅಂಗಡಿಯಿಂದ ಬೇಗ ಬಂದರು, ಮುಖ ಅರಳಿತ್ತು. ಡಾಕ್ಟರು ಇವರಿಗೇ ಫೋನ್ ಮಾಡಿದ್ದರಂತೆ. ಹದಿನೈದನೇ ತಾರೀಖಿನಿಂದ ಕೆಲಸಕ್ಕೆ ಬರಬಹುದಂತೆ. ರಿಸೆಪ್ಷನ್ ಅಲ್ಲ, ಹಿಂದಿನ ಬಿಲ್ಲಿಂಗ್ ರೂಮು. ಜನರಿಗೆ ಮುಖ ಕಾಣುವುದಿಲ್ಲ.

"ಎಲ್ಲಾ ಮರೆತಿದಾರೆ ಹಂಸಾ. ಈಗ ಇನ್ಯಾರದೋ ವಿಡಿಯೋ ಓಡ್ತಿದೆ" ಅಂದರು. ಬೀರು ತೆಗೆದು ಹಳೇ ಮೊಬೈಲನ್ನು ಚಾರ್ಜಿಗೆ ಹಾಕಿದರು.

"ಅದು ಬೇಡ ರೀ."

"ಯಾಕೆ? ಭಯ ಇದ್ರೆ ನಂಬರ್ ಹೊಸದೇ ಇರ್ಲಿ."

"ಭಯ ಅಲ್ಲ. ಬೇಡ."

"ಬಿಲ್ಲಿಂಗಲ್ಲಿ ಓಟಿಪಿ, ವಾಟ್ಸಾಪು ಎಲ್ಲಾ ಬೇಕಾಗುತ್ತೆ. ಆ ಡಬ್ಬಾ ಫೋನ್ ಇಟ್ಕೊಂಡು ಯಾರಿಗೇನು ತೋರಿಸ್ಬೇಕು ನೀನು? ತಪ್ಪು ಎಲ್ಲರೂ ಮಾಡ್ತಾರೆ. ಬೈದೆ, ಆಯ್ತು. ಯಾರನ್ನೂ ಕೊಲ್ಲಲಿಲ್ಲ."

ಚಾರ್ಜರ್ ಕಿತ್ತು, ಮೊಬೈಲನ್ನು ಮತ್ತೆ ಸೀರೆಗಳ ಕೆಳಗಿಟ್ಟೆ. ಇವರು ಊಟ ಮಾಡದೆ ಮಲಗಿದರು. ಒಳ್ಳೆಯವರು. ನನಗಾಗಿ ಅವರೂ ಬೈಗುಳ ತಿಂದಿದ್ದಾರೆ, ಹಲಸೂರಿನ ಅಂಗಡಿ ಮುಂದೆ ಯಾರೋ ನಿಂತು ವಿಡಿಯೋ ಮಾಡಿದರಂತೆ. ಅದನ್ನು ನನಗೆ ಹೇಳಲಿಲ್ಲ, ಅತ್ತೆ ಹೇಳಿದರು.

ಜುಲೈ 5, ಶನಿವಾರ

ಇದನ್ನು ಬರೆದುಬಿಡಬೇಕು.

ಮೇ 31, ಸಂಜೆ ಆರೂ ಕಾಲು. ಆ ಹೆಂಗಸನ್ನು, ಅಯ್ಯಮ್ಮನನ್ನು, ಆಚೆ ಕಳಿಸಿ ಮುಕ್ಕಾಲು ಗಂಟೆಯಾಗಿತ್ತು. ಹೊರಗೆ ಮಳೆ ಹನಿಯುತ್ತಿತ್ತು, ಆಕೆ ಗೇಟಿನ ಪಕ್ಕ ಜನರೇಟರ್ ಶೆಡ್ಡಿಗೆ ಒರಗಿ ಕೂತಿದ್ದಳು. ಗಾಜಿನ ಬಾಗಿಲಿನಿಂದ ನನಗೆ ಕಾಣಿಸುತ್ತಿತ್ತು. ರಿಸೆಪ್ಷನ್ ಖಾಲಿ. ನಾನು ಮೊಬೈಲ್ ನೋಡುತ್ತಿದ್ದೆ. ಒಬ್ಬ ತುಕ್ಕು ಹಿಡಿದ ಮಚ್ಚನ್ನು ಉಜ್ಜಿ ಉಜ್ಜಿ ಹೊಳೆಯುವ ಹಾಗೆ ಮಾಡುತ್ತಾನೆ, ಅಂಥ ವಿಡಿಯೋ. ನನಗೆ ಮಚ್ಚು ಯಾಕೆ? ಸುಮ್ಮನೆ ನೋಡುತ್ತಿದ್ದೆ.

ಇಂಟರ್‌ಕಾಮ್ ಹೊಡೆಯಿತು. ಮೊಣಕೈ ಪಕ್ಕದಲ್ಲೇ ಇತ್ತು, ವಾರ್ಡಿನ ಲೈಟೂ ಉರಿಯಿತು. ಕಾಟನ್ ಕೇಳುತ್ತಾರೆ, ಇಲ್ಲ ಅಂದರೆ ಟೀ ಬಂತಾ ಅಂತಾರೆ ಅಂದುಕೊಂಡೆ. ಇನ್ನೇನು ಮುಗಿಯುತ್ತೆ, ಮುಗಿದ ಮೇಲೆ ಎತ್ತೋಣ ಅಂದುಕೊಂಡೆ. ನಿಂತಿತು. ಮತ್ತೆ ಹೊಡೆಯಿತು. ಮಚ್ಚು ಅರ್ಧ ಬೆಳ್ಳಗಾಗಿತ್ತು. ಮೂರನೇ ಸಲಕ್ಕೆ ರಿಂಗಿನ ಸದ್ದನ್ನು ತಗ್ಗಿಸಿಬಿಟ್ಟೆ.

ಬಾಗಿಲು ತೆಗೆದು ಒಂದು ಸಲ ಕೂಗಿದ್ದರೆ ಸಾಕಿತ್ತು. ಇಪ್ಪತ್ತು ಹೆಜ್ಜೆ, ಒಂದು ಮಹಡಿ ಮೆಟ್ಟಿಲು.

ಆರೂ ಮುಕ್ಕಾಲಿಗೆ ನರ್ಸ್ ಇಳಿದುಬಂದು ಎಕ್ಸ್‌ಪೈರ್ಡ್ ಅಂದಳು. ಆಗ ಕರೆದೆ.

ಊರಿಗೆ ಊರೇ ನನ್ನನ್ನು ಬೈದಿದ್ದು ಬೇರೆ ವಿಷಯಕ್ಕೆ. ಇದನ್ನು ಯಾರೂ ವಿಡಿಯೋ ಮಾಡಲಿಲ್ಲ.

ಜುಲೈ 9, ಬುಧವಾರ

ಆಪಾಗೆ ಫೋನ್ ಮಾಡಿ ಅಯ್ಯಮ್ಮನ ಅಡ್ರೆಸ್ ಕೇಳಿದೆ. ಫೈಲ್ ತೆಗೆಯುವುದು ತಪ್ಪು ಅಂತ ಇಬ್ಬರಿಗೂ ಗೊತ್ತು.

"ಮಾಫಿ ಕೇಳೋಕೆ ಹೋಗ್ತೀಯಾ?"

"ಹೂಂ ಆಪಾ. ಬೈದಿದ್ದಕ್ಕೆ."

"ಹೋಗು. ಪುಣ್ಯದ ಕೆಲಸ" ಅಂದರು. ಸಂಜೆ ಅವರೇ ಫೋನ್ ಮಾಡಿ ಹೇಳಿದರು. ಕೆ.ಆರ್. ಪುರ ದಾಟಿ, ಕೆರೆ ಹಿಂದುಗಡೆ, ಯಾದಗಿರಿ ಕಡೆಯವರ ಶೀಟಿನ ಮನೆಗಳು. ಬಾಗಿಲ ನಂಬರಿಲ್ಲ.

ಜುಲೈ 12, ಶನಿವಾರ

ಸಿಗಲಿಲ್ಲ. ಮ್ಯಾಪ್ ಇಲ್ಲದೆ ಈ ಊರಲ್ಲಿ ಯಾರಿಗೂ ದಾರಿ ಗೊತ್ತಿಲ್ಲ. ಕೇಳಿದವರೆಲ್ಲಾ "ಲೊಕೇಶನ್ ಇದೆಯಾ?" ಅಂತಾರೆ. ಬೇರೆ ಯಾವುದೋ ಕೆರೆಯ ಹತ್ತಿರ ಬಿಸಿಲಲ್ಲಿ ಎರಡು ಗಂಟೆ ಸುತ್ತಿದೆ. ಒಬ್ಬ ಮುದುಕ ಕೊನೆಗೆ ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸಿದ. ಅಷ್ಟು ಹೊತ್ತಿಗೆ ನಾಲ್ಕಾಗಿತ್ತು. ನಾಳೆ ಭಾನುವಾರ, ಕೂಲಿಯವರು ಮನೆಯಲ್ಲೇ ಇರುತ್ತಾರೆ.

ಮಾಸ್ಕ್ ಮರೆತು ಹೋಗಿದ್ದೆ ಅನ್ನೋದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಜುಲೈ 13, ಭಾನುವಾರ

ಹೋಗಿ ಬಂದೆ. ಆದದ್ದನ್ನು ಆದ ಹಾಗೇ ಬರೆಯುತ್ತೀನಿ.

ಕಟ್ಟುತ್ತಿರುವ ದೊಡ್ಡ ಅಪಾರ್ಟ್‌ಮೆಂಟಿನ ಗೋಡೆಗೆ ಒತ್ತಿಕೊಂಡು ಇಪ್ಪತ್ತು ಶೀಟಿನ ಮನೆಗಳು. ಅಯ್ಯಮ್ಮ ಬಾಗಿಲ ಮುಂದೆ ಕಲ್ಲಿನ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನೋಡಿದ ಕೂಡಲೇ ಗುರುತು ಸಿಕ್ಕಿತು. ವಿಡಿಯೋದಲ್ಲಿ ಆಕೆಯನ್ನು ನೂರು ಸಲ ನೋಡಿದ್ದೀನಿ, ನನ್ನನ್ನು ನೋಡಿಕೊಳ್ಳುವ ನೆಪದಲ್ಲಿ. ಮೂವತ್ತು ದಾಟಿರಲಿಕ್ಕಿಲ್ಲ. ನಾನು ವಯಸ್ಸಾದವಳು ಅಂದುಕೊಂಡಿದ್ದೆ.

"ಯಾರ್ ಬೇಕ್ರಿ?" ಅಂದಳು.

"ನಾನು ಆ ಆಸ್ಪತ್ರೆಯವಳು. ಅವತ್ತು ಕೌಂಟರಲ್ಲಿ ಇದ್ದೋಳು. ನಿಮಗೆ ಬೈದು ಆಚೆ ಕಳಿಸಿದೆ. ನಿಮ್ಮ ಚೀಲಾನ ಕಾಲಲ್ಲಿ ಒದ್ದೆ. ಊಟ ಚೆಲ್ಲಿಹೋಯ್ತು. ತಪ್ಪಾಯ್ತು ಅಂತ ಹೇಳೋಕೆ ಬಂದೆ."

ಅಯ್ಯಮ್ಮ ಮೊರ ಕೆಳಗಿಟ್ಟು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನ ಪಡುತ್ತಿದ್ದಳು.

"ಅವತ್ತ ಭಾಳ ಮಂದಿ ಬೈದ್ರಿ ಅಕ್ಕೋರೆ. ಗೇಟಿನ್ಯಾಗ ವಾಚ್‌ಮನ್ ಬೈದ. ಮ್ಯಾಲ ನರ್ಸ್ ಬಾಯಿ ಬೈದ್ರು. ಬಸ್ಸಿನ್ಯಾಗೂ ಬೈದ್ರು. ನಿಮ್ದು ನನಗ ನೆನಪಿಲ್ರಿ. ಕುಂದ್ರಿ, ಚಾ ಮಾಡ್ತೀನಿ."

ಒಳಗಿನಿಂದ ಇಪ್ಪತ್ತೈದು ವರ್ಷದ ಒಬ್ಬ ಹೊರಗೆ ಬಂದ. ಆಕೆಯ ತಮ್ಮ, ಈರೇಶ. ನನ್ನನ್ನು ನೋಡುತ್ತಲೇ ಅವನ ಮುಖ ಬಿಗಿಯಿತು.

"ಅಕ್ಕಾ, ಚಾ ಗೀ ಏನೂ ಬ್ಯಾಡ. ಇವ್ರನ್ನ ನಾ ಮೊಬೈಲ್ದಾಗ ನೋಡೀನಿ. ಕ್ಷಮಾ ಕೇಳ್ಲಾಕ ಬಂದಾರ. ಅದನ್ನೂ ವಿಡಿಯೋ ಮಾಡಿ ಬಿಡ್ತಾರ ನೋಡು." ಆಮೇಲೆ ನನ್ನ ಕಡೆ ತಿರುಗಿ, "ಮೊಬೈಲ್ ತೋರಿಸ್ರಿ" ಅಂದ.

ಕೊಟ್ಟೆ. ಬಟನ್ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ವಾಪಸ್ ಕೊಟ್ಟು ಗೋಡೆಗೆ ಒರಗಿ ನಿಂತ. ಅಕ್ಕ ಚಹಾ ಮಾಡಲು ಒಳಗೆ ಹೋದಾಗ ಹೇಳಿದ, ಆ ವಿಡಿಯೋವನ್ನು ಆಕೆಗೆ ತೋರಿಸಿಯೇ ಇಲ್ಲವಂತೆ. ಆಕೆಗೆ ಅದೆಲ್ಲಾ ಗೊತ್ತೇ ಇಲ್ಲ. ನನಗಾದ ಶಿಕ್ಷೆ ಯಾರ ಹೆಸರಿನಲ್ಲಿ ಆಯಿತೋ ಆಕೆಗೇ ಗೊತ್ತಿಲ್ಲ.

ಚಹಾ ಕೊಟ್ಟಳು. ಮಂಗಳವಾರ ಊರಿಗೆ ಹೋಗುತ್ತಾರಂತೆ. "ಇಲ್ಲಿ ಇದ್ದು ಏನ್ ಮಾಡೋದ್ರಿ. ಹೋಗ್ಲತ್ತೀವಿ" ಅಂದಳು. ನಾನು ಲೋಟ ಕೆಳಗಿಟ್ಟು ಎದ್ದೆ. ಬಂದ ಕೆಲಸ ಆಗಿತ್ತು. ಆಕೆಗೆ ಕೋಪವಿರಲಿಲ್ಲ.

ಆಗ ಆಕೆ ಕೇಳಿದಳು.

"ಅಕ್ಕೋರೆ, ನೀವು ದವಾಖಾನಿಯೋರು ಅಂದ್ರಲ್ಲ. ಒಂದ್ ಮಾತ ಕೇಳ್ಲೇನ್ರಿ? ಹೋಗೋ ಹೊತ್ತಿನ್ಯಾಗ ಅವರು ನನ್ನ ಕೇಳಿದ್ರೇನು? ಯಾರೂ ಹೇಳವಲ್ರು. ನಾ ಗೇಟಿನ ಹತ್ರಾನೇ ಕುಂತಿದ್ದೆ. ಕರದಿದ್ರ ಓಡಿ ಬರ್ತಿದ್ನೆಲ್ರಿ."

ನನಗೆ ಗೊತ್ತಿಲ್ಲ ಅನ್ನಬಹುದಿತ್ತು. ಇಲ್ಲಮ್ಮಾ, ನಿದ್ದೆಯಲ್ಲೇ ಹೋದರು ಅಂದಿದ್ದರೆ ಆಕೆಗೂ ನೆಮ್ಮದಿಯಾಗುತ್ತಿತ್ತೇನೋ. ಅದನ್ನೇ ಹೇಳೋಣ ಅಂತ ಬಾಯಿ ತೆರೆದೆ.

"ಕೇಳಿದ್ರು" ಅಂದೆ. "ನಿಮ್ಮನ್ನ ಕಳಿಸಿ ಅಂತ ಮೇಲಿಂದ ಫೋನ್ ಬಂತು, ಮೂರು ಸಲ. ನಾನು ಎತ್ತಲಿಲ್ಲ. ಅಲ್ಲೇ ಕೂತಿದ್ದೆ. ಮೊಬೈಲಲ್ಲಿ ಏನೋ ನೋಡ್ತಾ ಇದ್ದೆ."

ಈರೇಶ ಒಂದು ಹೆಜ್ಜೆ ಮುಂದೆ ಬಂದ. ಅಯ್ಯಮ್ಮ ಕೈ ಅಡ್ಡ ಹಿಡಿದಳು. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿ ಕೂಗಿ ನಿಂತಿತು.

"ಏನಂತ ಕರದ್ರು?" ಅಂದಳು.

ನನಗೆ ಗೊತ್ತಿರಲಿಲ್ಲ. ಕಮರುನ್ನೀಸಾ ಆಪಾಗೆ ಫೋನ್ ಮಾಡಿದೆ. "ಆಪಾ, ಅಯ್ಯಮ್ಮ ಇಲ್ಲಿದಾರೆ. ಅವರ ಯಜಮಾನ್ರು ಕೊನೇಲಿ ಏನಂದ್ರು ಅಂತ ಕೇಳ್ತಿದಾರೆ. ಹೇಳಿ" ಅಂತ ಫೋನನ್ನು ಆಕೆಯ ಕೈಗೆ ಕೊಟ್ಟೆ. ಅದರ ಸೌಂಡು ಜೋರು. ಆಪಾ ಹೇಳಿದ್ದೆಲ್ಲಾ ನಮಗೂ ಕೇಳಿಸಿತು.

"ಅಯ್ಯಮ್ಮಾ ಅಯ್ಯಮ್ಮಾ ಅಂತಿದ್ದ ಬೇಟಿ. ಎಲ್ಲರೂ ನೋವಿಗೆ ಹಾಗೇ ಅಂತಾರಲ್ಲ, ಹಾಗೆ ಅಂದ್ಕೊಂಡೆ ನಾನು. ಇಂಜೆಕ್ಷನ್ ಕೊಡ್ಸಿ ಅಂತ ಸಿಸ್ಟರ್‌ಗೂ ಹೇಳ್ದೆ. ಆಮೇಲೆ 'ಕೆಳಗ ಕುಂತಾಳ, ಕರೀರಿ' ಅಂದ. ಆಗ ಗೊತ್ತಾಯ್ತು ಅದು ನಿನ್ನ ಹೆಸರು ಅಂತ. ಅವನ ಕೈ ಹಿಡ್ಕೊಂಡೇ ಕೆಳಗೆ ಫೋನ್ ಮಾಡ್ದೆ. ಏನ್ ಮಾಡೋದು, ಹಂಸಾ ಸೀಟಲ್ಲಿ ಇರ್ಲಿಲ್ಲ. ಬಾತ್‌ರೂಮಿಗೆ ಹೋಗಿದ್ಲು, ಪಾಪ. ಅವಳ ಮೇಲೆ ಬೇಜಾರ್ ಮಾಡ್ಕೋಬೇಡ."

ಅಯ್ಯಮ್ಮ ನನ್ನನ್ನು ನೋಡಿದಳು. ಫೋನಿಗೆ "ಹೂಂ ರೀ" ಅಂದಳು. ಫೋನನ್ನು ನನ್ನ ಕೈಗಿಡಲಿಲ್ಲ, ಕಲ್ಲಿನ ಮೇಲಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಬಂದ ಸದ್ದನ್ನು ಬರೆಯಲಾರೆ. ಈರೇಶ ನೆಲ ನೋಡುತ್ತಾ ನಿಂತಿದ್ದ.

ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು.

"ಬೈದಿದ್ದು ನೆನಪಿಲ್ಲ ಅಂದೆನಲ್ರಿ. ಇದು ನೆನಪಿರ್ತದ್ರಿ" ಅಂದಳು. ಮತ್ತೆ ಕಲ್ಲಿನ ಮೇಲೆ ಕೂತು ಮೊರ ಎತ್ತಿಕೊಂಡಳು. "ಹೋಗ್ರಿ. ಬಸ್ ಸಿಗಾಂಗಿಲ್ಲ ಆಮ್ಯಾಲ."

ಜುಲೈ 15, ಮಂಗಳವಾರ

ಒಂಬತ್ತಕ್ಕೆ ಹೋದೆ. ಬಿಲ್ಲಿಂಗ್ ರೂಮಿಗೆ ಹೋಗದೆ ನೇರ ಡಾಕ್ಟರ ರೂಮಿಗೆ ಹೋಗಿ ಎಲ್ಲಾ ಹೇಳಿದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

"ನೀವು ಎತ್ತಿದ್ರೂ ಆತ ಉಳೀತಿರ್ಲಿಲ್ಲ, ಗೊತ್ತಲ್ವಾ?"

"ಗೊತ್ತು ಸರ್."

"ಮತ್ತೆ? ಈಗ ಎಲ್ಲಾ ತಣ್ಣಗಾಗಿದೆ. ನನಗೆ ಹೇಳಿದ್ರಿ, ಆಯ್ತು. ದಯವಿಟ್ಟು ಬರೆದು ಗಿರೆದು ಕೊಡ್ಬೇಡಿ."

ಬರೆದೇ ತಂದಿದ್ದೆ. ಅರ್ಧ ಹಾಳೆ. ಟೇಬಲ್ ಮೇಲಿಟ್ಟೆ. ಅವರು ಓದಲಿಲ್ಲ, ಹಾಗೇ ಡ್ರಾಯರಿಗೆ ಹಾಕಿ, "ಹಾಗಾದ್ರೆ ನಾಳೆಯಿಂದ ಬರೋದು ಬೇಡ ಹಂಸಾ" ಅಂದರು. ದನಿ ಎತ್ತರಿಸಲಿಲ್ಲ.

ಆಪಾ ಮೆಟ್ಟಿಲ ಹತ್ತಿರ ಬೆಡ್‌ಶೀಟುಗಳ ಗಂಟು ಹಿಡಿದು ನಿಂತಿದ್ದರು. ಅಯ್ಯಮ್ಮ ನಿನ್ನೆ ತಮ್ಮನ ಕೈಯಲ್ಲಿ ವಾರ್ಡಿಗೆ ಫೋನ್ ಮಾಡಿಸಿದ್ದಳಂತೆ, ಕೈ ಹಿಡಿದುಕೊಂಡಿದ್ದಕ್ಕೆ ಆಪಾಗೆ ಶರಣು ಹೇಳಲು. ಆಗ ತಮ್ಮ ಉಳಿದದ್ದನ್ನೂ ಹೇಳಿದ್ದಾನೆ.

"ಬಾತ್‌ರೂಮಿಗೆ ಹೋಗಿದ್ದೆ ಅಂದಿದ್ದೆ ನೀನು" ಅಂದರು.

"ಹೂಂ ಆಪಾ."

ಆಪಾ ಗಂಟನ್ನು ಸೊಂಟಕ್ಕೇರಿಸಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದರು.

ಇವರಿಗೆ ಇನ್ನೂ ಹೇಳಿಲ್ಲ. ಮೊದಲ ದಿನ ಅಂತ ಬೆಳಿಗ್ಗೆ ಹೂವು ತಂದುಕೊಟ್ಟಿದ್ದರು. ಅಂಗಡಿ ಮುಚ್ಚಿ ಬರೋದು ಎಂಟಕ್ಕೆ. ಈಗ ಏಳು. ಅನ್ನಕ್ಕಿಟ್ಟಿದ್ದೀನಿ. ಬಂದ ಕೂಡಲೇ ಹೇಳುತ್ತೀನಿ, ಊಟಕ್ಕೆ ಮುಂಚೆ.